ಕೋಡ್ ಪಟ್ಟಿಗೆ ನಾನು ಹಾಕದ ಬೀಗ

ತೊಂಬತ್ತರ ದಶಕದಲ್ಲಿ ಚಿಕ್ಕೋಡಿ ಮತ್ತು ಸದಲಗಾ ನಡುವಿನ ಒಂದು ಸಕ್ಕರೆ ಕಾರ್ಖಾನೆಯಲ್ಲಿ ನಾನು ಕಂಪ್ಯೂಟರ್ ಕೋಣೆಯ ಉಸ್ತುವಾರಿಯಾಗಿದ್ದೆ. ಓದಿದ್ದು ಹೈಸ್ಕೂಲು. ಆದರೂ ಆ ಕೆಲಸ ನನಗೆ ಚೆನ್ನಾಗಿ ಬರುತ್ತಿತ್ತು. ಇವತ್ತೂ ಹಾಗೆಯೇ ಹೇಳುತ್ತೇನೆ.

ಪ್ರೋಗ್ರಾಮುಗಳನ್ನು ಯಾರು ಬೇಕಾದರೂ ತಿದ್ದಬಾರದು ಎಂದು ಒಂದು ಸಾಫ್ಟ್‌ವೇರ್ ತಂದಿದ್ದರು. ಯಾವುದೇ ಬದಲಾವಣೆ ಅದರ ಮೂಲಕವೇ ಆಗಬೇಕು. ಅದರಲ್ಲಿ ಪ್ರೋಗ್ರಾಮು ಒಂದು ಬಗೆ, ರಿಪೋರ್ಟು ಒಂದು ಬಗೆ, ರೈತರ ಹೊಲಗಳ ಮಾಹಿತಿ ಒಂದು ಬಗೆ, ಕೋಡ್ ಪಟ್ಟಿ ಇನ್ನೊಂದು ಬಗೆ. ಒಂದೊಂದು ಬಗೆಗೂ ಸೆಟ್ಟಿಂಗ್ ಇಡಬೇಕಿತ್ತು: ತಿದ್ದಲು ಯಾರ ಒಪ್ಪಿಗೆ ಬೇಕು, ತಿದ್ದುವ ಮೊದಲಿನ ಪ್ರತಿಯನ್ನು ಉಳಿಸಬೇಕೋ ಬೇಡವೋ. ಇದನ್ನು ಇಟ್ಟವನು ನಾನೇ. ಪ್ರೋಗ್ರಾಮಿಗೂ ಹೊಲದ ಮಾಹಿತಿಗೂ ಕಬ್ಬಿನ ವಿಭಾಗದ ಮುಖ್ಯಸ್ಥರಾದ ಕೇನ್ ಸಾಹೇಬರ ಒಪ್ಪಿಗೆ ಹಾಕಿದೆ. ಕೋಡ್ ಪಟ್ಟಿಯನ್ನು ಮಾತ್ರ ತೆರೆದೇ ಬಿಟ್ಟೆ. ಅದನ್ನು ವರ್ಷಗಟ್ಟಲೆ ಯಾರೂ ಮುಟ್ಟುವುದಿಲ್ಲ, ಹಳೆಯ ಪ್ರತಿ ಇಟ್ಟು ಡಿಸ್ಕ್ ತುಂಬಿಸುವುದೇಕೆ ಎಂದುಕೊಂಡಿದ್ದೆ.

ನಮ್ಮ ಕಡೆ ಕಬ್ಬು ಕಡಿಯಲು ಪಾಳಿ ಇರುತ್ತದೆ. ಮಳೆಗಾಲದಲ್ಲಿ ನೆಟ್ಟು ಒಂದೂವರೆ ವರ್ಷ ಬೆಳೆಸಿದ ಆಡಸಾಲಿ ಕಬ್ಬು ಮೊದಲು. ಕಡಿದ ಬೇರಿನಿಂದ ಚಿಗುರಿದ ಕುಳೆ ಕಬ್ಬು ಆಮೇಲೆ. ಯಾವ ಕಬ್ಬು ಎಷ್ಟು ತಿಂಗಳಿಗೆ ಬಲಿಯುತ್ತದೆ ಎಂಬ ಅಂಕಿ ಕೋಡ್ ಪಟ್ಟಿಯಲ್ಲಿತ್ತು. ಪಾಳಿ ಹುಟ್ಟುತ್ತಿದ್ದುದು ಆ ಅಂಕಿಯಿಂದಲೇ.

ಒಂದು ಹಂಗಾಮಿನಲ್ಲಿ, ನಾನು ಮಾಮಾ ಎಂದು ಕರೆಯುತ್ತಿದ್ದ ನನ್ನ ಅಕ್ಕನ ಗಂಡ ಸದಲಗಾದಿಂದ ಬಂದ.

"ಅಳಿಯಾ, ನನ್ನ ಕುಳೆ ಕಬ್ಬ ಲಗೂ ಹೋಗಬೇಕೋ. ಗೋಧಿ ಬಿತ್ತಾಕ ಹೊಲ ಖಾಲಿ ಆಗಬೇಕ."

"ಪಾಳಿ ಬಂದಾಗ ಕಬ್ಬ ಕಡಿಯೂ ಟೋಳಿ ಬರತೈತಿ ಮಾಮಾ."

"ಪಾಳಿ ಬರೂತನ ಕಾಯಾಂವ ಆಗಿದ್ರ ನಿನ್ನ ಕಡೆ ಯಾಕ ಬರತಿದ್ನಿ? ಮಷೀನ್ ನಿನ್ನ ಕೈಯಾಗ ಐತೋ, ನೀ ಮಷೀನಿನ ಕೈಯಾಗ ಅದೀಯೋ?"

ಆ ಮಾತು ಚುಚ್ಚಿತು. ಅವನ ಹೊಲದ ಮಾಹಿತಿ ತಿದ್ದಿದರೆ ಸಾಹೇಬರ ಒಪ್ಪಿಗೆ ಬೇಕು. ಕೋಡ್ ಪಟ್ಟಿಗೆ ಬೇಡ. ಕುಳೆ ಕಬ್ಬಿನ ತಿಂಗಳುಗಳನ್ನು ಕಡಿಮೆ ಮಾಡಿದೆ. ಮಾಮಾನ ಕಬ್ಬು ಮುಂದೆ ಬಂತು. ಅದರ ಜೊತೆಗೆ ಇಡೀ ಭಾಗದ ಕುಳೆ ಕಬ್ಬೆಲ್ಲ ಮುಂದೆ ಬಂತು, ಆಡಸಾಲಿ ಹಿಂದೆ ಬಿತ್ತು. ಒಂದು ಹೊಲ ಸರಿಸಲು ಹೋಗಿ ಊರೂರನ್ನೇ ಸರಿಸಿದ್ದೆ. ಮರುದಿನವೇ ಅದು ಗೊತ್ತಾಯಿತು. ಆದರೂ ಮಾಮಾನ ಹೊಲ ಖಾಲಿಯಾಗುವವರೆಗೆ ಸುಮ್ಮನಿದ್ದೆ. ಆಮೇಲೆ ಅಂಕಿಯನ್ನು ಮೊದಲಿನಂತೆ ಮಾಡಿದೆ. ಹಳೆಯ ಪ್ರತಿ ಉಳಿಯುತ್ತಿರಲಿಲ್ಲವಾದ್ದರಿಂದ ಗುರುತೇ ಸಿಗಲಿಲ್ಲ.

ಅಷ್ಟರಲ್ಲಿ ದೂಧಗಂಗೆಯ ದಂಡೆಯಿಂದ ಒಬ್ಬ ಮುದುಕಿ ಆಫೀಸಿಗೆ ಬಂದು, ತುರಾಯಿ ಬಿಟ್ಟ ಕಬ್ಬಿನ ಗಳವೊಂದನ್ನು ಸಾಹೇಬರ ಮೇಜಿನ ಮೇಲೆ ಇಟ್ಟಳು.

"ಆಡಸಾಲಿ ಕಬ್ಬ ಐತ್ರಿ ಇದು. ಹೂ ಬಿಟ್ಟ ಒಳಗ ಬೆಂಡ ಆಗೈತಿ. ಬಾಜೂಕಿನ ಕುಳೆ ಕಡಕೊಂಡ ಹೋದ್ರು. ನಿಮ್ಮ ಮಷೀನಿಗೆ ಕಣ್ಣ ಇಲ್ಲೇನ್ರಿ?"

ಸಾಹೇಬರು ಮುರಿದು ನೋಡಿದರು. ಒಳಗೆ ಬೆಳ್ಳಗೆ ಬೆಂಡಾಗಿತ್ತು. ಪಾಳಿಯ ಪ್ರೋಗ್ರಾಮು ಬರೆದವನು ನಿಪ್ಪಾಣಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಪ್ರೋಗ್ರಾಮರ್. ಮನೆಯಲ್ಲಿ ದುಡಿಯುವವನು ಅವನೊಬ್ಬನೇ. ನಾನೂ ಆಫೀಸಿನ ಮಂದಿಯೂ ಅಲ್ಲೇ ಇದ್ದಾಗ ಅವನನ್ನು ಕರೆಸಿದರು.

"ನಾಳಿಂದ ನಿಪ್ಪಾಣ್ಯಾಗ ಇರು. ಬಸ್ ಚಾರ್ಜರೆ ಉಳೀತೈತಿ," ಎಂದರು.

"ಸಾಹೇಬ್ರ, ನನ್ನ ಪ್ರೋಗ್ರಾಮ್ ಬರೋಬರ್ ಐತ್ರಿ," ಎಂದು ಅವನು ನನ್ನ ಕಡೆ ನೋಡಿದ. "ಕಾಕಾ, ನೀವರೆ ಹೇಳ್ರಿ."

ನಾನು ಹೇಳಿದೆ. "ತಪ್ಪು ನಂದ ಐತ್ರಿ. ಕೋಡ್ ಪಟ್ಟಿಗೆ ಒಪ್ಪಿಗೆ ಬೇಕಂತ ಸೆಟ್ಟಿಂಗ್ ಇಟ್ಟಿದ್ದಿಲ್ಲ. ಬ್ಯಾರೆ ಏನೋ ಹಾಕಾಕ ಹೋಗಿ, ಬೆರಳ ಜಾರಿ ಕುಳೆ ಕಬ್ಬಿನ ಅಂಕಿ ಬದಲಾತ್ರಿ."

ಸಾಹೇಬರು ಬೈಯುತ್ತಾರೆ ಎಂದುಕೊಂಡೆ. "ಇಷ್ಟ ಮಂದ್ಯಾಗ ತಪ್ಪ ಒಪ್ಪಿಕೊಳ್ಳಾಕ ಧೈರ್ಯಾ ಬೇಕ," ಎಂದು ಎದ್ದು ಹೋದರು. ಪ್ರೋಗ್ರಾಮರ್ ಉಳಿದ. ಅವನು ಉಳಿದದ್ದಕ್ಕೆ ಇವತ್ತಿಗೂ ನನಗೆ ಸಮಾಧಾನವಿದೆ.

ಅದೇ ದಿನ ಎಲ್ಲ ಬಗೆಗಳ ಸೆಟ್ಟಿಂಗ್ ಬದಲಿಸಿದೆ. ಪ್ರತಿಯೊಂದಕ್ಕೂ ಒಪ್ಪಿಗೆ, ಪ್ರತಿಯೊಂದಕ್ಕೂ ಹಳೆಯ ಪ್ರತಿ. ತಿದ್ದಿದವನೇ ಒಪ್ಪಿಗೆ ಕೊಡುವಂತಿಲ್ಲ, ನಾನಾದರೂ ಅಷ್ಟೇ. ನಾನು ನಿವೃತ್ತನಾಗುವವರೆಗೆ ಪಾಳಿ ಮತ್ತೆ ತಪ್ಪಲಿಲ್ಲ.

ಮುದುಕಿಯ ಕಬ್ಬು ಕಡಿದ ಮೇಲೆ ಅವಳು ಮತ್ತೊಮ್ಮೆ ಬಂದಳು, ಕೈಯಲ್ಲಿ ಮಜ್ಜಿಗೆಯ ತಂಬಿಗೆ.

"ತಪ್ಪ ಒಪ್ಪಿಕೊಂಡಾಂವ ನೀನ ಅಂತಲ್ಲೋ ಯಪ್ಪಾ. ಕುಡಿ. ಹೆಂಗ ಆತು ಅದು?"

"ಬೆರಳ ಜಾರತು, ಆಯಿ."

"ಜಾರತಾವ, ಜಾರತಾವ. ಎಮ್ಮಿ ಹಿಂಡೂವಾಗ ನನ್ನವೂ ಜಾರತಾವ," ಎಂದು ನಕ್ಕಳು.

ನಾನು ಮಜ್ಜಿಗೆ ಕುಡಿದೆ. ತಂಬಿಗೆ ತೊಳೆದು ಅವಳ ಕೈಗೆ ಕೊಟ್ಟೆ. ಅವಳು ಎದುರಿಗೇ ಕುಳಿತಿದ್ದಳು, ಹೇಳಬಹುದಿತ್ತು. ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ: ಆಯಿ, ಬೆರಳು ಜಾರಿರಲಿಲ್ಲ.