ಕನ್ನಡಕ ತೆಗೆದರೆ ನಗಬೇಕು

ಡಾಕ್ಟರ್ ಮಾವ ನಗುವುದಕ್ಕೆ ಮುಂಚೆ ಕನ್ನಡಕ ತೆಗೆಯುತ್ತಿದ್ದರು. ಮೊದಲು ಕನ್ನಡಕ ಕೈಗೆ ಬರುತ್ತಿತ್ತು, ಆಮೇಲೆ ಹೊಟ್ಟೆ ಅಲುಗುತ್ತಿತ್ತು, ಕಟ್ಟಕಡೆಗೆ ಸದ್ದು. ಈ ಕ್ರಮ ನಮ್ಮವರಿಗೆಲ್ಲ ಬಾಯಿಪಾಠವಾಗಿತ್ತು. ಕನ್ನಡಕ ಮೂಗಿನಿಂದ ಮೇಲೆದ್ದಿತೋ ಇಲ್ಲವೋ, ಬೇಸ್‌ಮೆಂಟಿನಲ್ಲಿ ಕೂತ ಎಂಟೂ ಜನ ಗೊಳ್ಳೆಂದು ನಗುತ್ತಿದ್ದರು, ಮಾವನಿಗಿಂತ ಅರೆಕ್ಷಣ ಮೊದಲೇ. ಟೀವಿಯಲ್ಲಿ ಏನು ನಡೆಯುತ್ತಿದೆ ಎಂದು ಅವರಲ್ಲಿ ಒಬ್ಬರಿಗಾದರೂ ಗೊತ್ತಿತ್ತೆಂದು ನನಗನ್ನಿಸುವುದಿಲ್ಲ. ಅವರಿಗೆ ಗೊತ್ತಿದ್ದದ್ದು ಒಂದೇ. ಲಾರೆನ್ಸ್‌ವಿಲ್‌ನ ಆ ಐದು ಬೆಡ್‌ರೂಮಿನ ಮನೆಯ ಯಜಮಾನರಿಗೆ ಮಕ್ಕಳಿರಲಿಲ್ಲ.

ಮಾವ ಅಂದರೆ ನನ್ನ ಗಂಡ ಶ್ರೀಧರನ ತಾಯಿಯ ಅಣ್ಣ. ಮೈಸೂರಿನಲ್ಲಿ ಡಾಕ್ಟರಿಕೆ ಓದಿ, ಕೆಲವು ವರ್ಷ ಇಂಗ್ಲೆಂಡಿನಲ್ಲಿ ಬೇಯಿಸಿದ ಆಲೂಗಡ್ಡೆ ತಿಂದು, ಆಮೇಲೆ ಜಾರ್ಜಿಯಾಕ್ಕೆ ಬಂದು ನೆಲೆನಿಂತವರು. ಆಪರೇಷನ್ನಿಗೆ ಮೊದಲು ಅರಿವಳಿಕೆ ಕೊಡುವುದು ಅವರ ಕೆಲಸ. "ಜನರನ್ನ ಮಲಗಿಸೋದೇ ನನ್ನ ಕಸುಬು ಕಣಮ್ಮ. ಯಾರು ನಿಜವಾಗ್ಲೂ ಮಲಗಿದಾರೆ, ಯಾರು ಕಣ್ಣು ಮುಚ್ಕೊಂಡು ಕಾಯ್ತಿದಾರೆ, ರೆಪ್ಪೆ ನೋಡಿದ್ರೆ ಹೇಳ್ಬಿಡ್ತೀನಿ," ಎನ್ನುತ್ತಿದ್ದರು. ಅವರ ಹೆಂಡತಿ, ನಮ್ಮ ಅತ್ತೆ, ತೀರಿಕೊಂಡ ಮೇಲೆ ಅಷ್ಟು ದೊಡ್ಡ ಮನೆಯಲ್ಲಿ ಒಬ್ಬರೇ ಇದ್ದರು. ಅಯ್ಯೋ ಪಾಪ ಎನ್ನಬೇಡಿ. ಒಂಟಿತನ ಅವರಿಗೆ ಚೆನ್ನಾಗಿಯೇ ಒಗ್ಗಿತ್ತು. ಪಾಪ ಅನ್ನಿಸಿಕೊಳ್ಳಬೇಕಾದವರು ಪ್ರತಿ ನವೆಂಬರಿನಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಅಲ್ಲಿಗೆ ಓಡುತ್ತಿದ್ದ ನಾವು.

ಷಾರ್ಲೆಟ್‌ನಿಂದ ಮಾವನ ತಂಗಿಯ ಮಗಳು ಜಯಕ್ಕ, ಭಾವ, ಅವರ ಇಬ್ಬರು ಮಕ್ಕಳು ಬರುತ್ತಿದ್ದರು. ರಾಲಿಯಿಂದ ಜಯಕ್ಕನ ತಮ್ಮ ಗಿರೀಶ, ಅವನ ಹೆಂಡತಿ, ಮಗ. ನಾನು ಮತ್ತು ಶ್ರೀಧರ ವರ್ಜೀನಿಯಾದ ಆಲ್ಡಿಯಿಂದ ಹತ್ತು ಗಂಟೆ ಡ್ರೈವ್ ಮಾಡಿಕೊಂಡು ಹೋಗುತ್ತಿದ್ದೆವು. ಜಯಕ್ಕನ ಸ್ವಂತ ನಾದಿನಿ ಷಾರ್ಲೆಟ್‌ನಲ್ಲೇ ಎರಡು ಮೈಲಿ ಆಚೆ ಹೆತ್ತು ಮಲಗಿದ್ದಾಗ ನೋಡಲು ಜಯಕ್ಕನಿಗೆ ಮೂರು ತಿಂಗಳು ಟೈಮ್ ಸಿಕ್ಕಿರಲಿಲ್ಲ. ಮಾವನ ಮನೆಗೆ ಮಾತ್ರ ಒಂದು ತಪ್ಪಿದರೆ ಇನ್ನೊಂದು ಹೈವೇ ಹಿಡಿದು, ಮಡಿಲಲ್ಲಿ ಚಿರೋಟಿ ಡಬ್ಬಿ ಇಟ್ಟುಕೊಂಡು ಬರುತ್ತಿದ್ದಳು. ಮಾವನಿಗೆ ಸಕ್ಕರೆ ಕಾಯಿಲೆ. ಅದು ಅವಳಿಗೂ ಗೊತ್ತಿತ್ತು.

ಊಟಕ್ಕೆ ಅಲ್ಯೂಮಿನಿಯಂ ಟ್ರೇ ತುಂಬ ಬಿಸಿಬೇಳೆಬಾತು. ಊಟವಾದ ಮೇಲೆ ಎಲ್ಲರೂ ಬೇಸ್‌ಮೆಂಟಿಗೆ ಇಳಿದು ಒಂದು ಸಿನಿಮಾ ನೋಡಬೇಕು. ಪ್ರತಿ ವರ್ಷ ಅದೇ ಸಿನಿಮಾ. ಮಾವ ಇಂಗ್ಲೆಂಡಿನಲ್ಲಿದ್ದಾಗ, ರಜೆ ಸಿಕ್ಕ ಮೊದಲ ಭಾನುವಾರ ಆಸ್ಪತ್ರೆಯ ಹತ್ತಿರದ ಟಾಕೀಸಿನಲ್ಲಿ ನೋಡಿದ ಕಪ್ಪು ಬಿಳುಪಿನ ಚಿತ್ರ. ಒಬ್ಬ ಮುದುಕ ಜಮೀನುದಾರ, ದೊಡ್ಡ ಬಂಗಲೆ, ಎಂಟು ಜನ ವಾರಸುದಾರರು. ತಾನು ಸಾಯುವವರೆಗೆ ಪ್ರತಿ ಭಾನುವಾರ ತನ್ನ ಜೊತೆ ಕೂತು ಊಟ ಮಾಡಿದವರಿಗೆ ಮಾತ್ರ ಪಾಲು ಎಂದು ಅವನು ವಿಲ್ ಬರೆದಿಡುತ್ತಾನೆ. ತಮ್ಮ ಪಾಲು ಹಿಗ್ಗಲಿ ಎಂದು ವಾರಸುದಾರರು ಒಬ್ಬರನ್ನೊಬ್ಬರು ಮುಗಿಸುತ್ತ ಹೋಗುತ್ತಾರೆ. ವಾರಕ್ಕೊಂದು ಕುರ್ಚಿ ಖಾಲಿ. ಕೊನೆಯ ಭಾನುವಾರ ಆ ಉದ್ದನೆ ಮೇಜಿಗೆ ಮುದುಕ ಒಬ್ಬನೇ ಕೂತು, ಗಂಟೆ ಬಾರಿಸಿ, ಸಿಹಿ ತರಿಸಿಕೊಂಡು ತಿನ್ನುತ್ತಾನೆ. ಇಂಥ ಸಿನಿಮಾವನ್ನು ಯಾರಿಗೆ, ಯಾಕೆ ತೋರಿಸುತ್ತಿದ್ದಾರೆ ಎಂದು ನಮ್ಮ ಎಂಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ದೊಡ್ಡವರೆಲ್ಲ ಡಿಗ್ರಿ ಮೇಲೆ ಡಿಗ್ರಿ ಮಾಡಿದವರೇ.

ಕ್ಯಾಪ್ಷನ್ ಹಾಕಲು ಮಾವ ಬಿಡುತ್ತಿರಲಿಲ್ಲ. ಮೂಗಿನಲ್ಲಿ ಮಾತಾಡುವ ಆ ಬಿಳಿಯರ ಇಂಗ್ಲಿಷು ಅರ್ಥವಾಗದೆ ನಮ್ಮವರು ಟೀವಿಯನ್ನು ಬಿಟ್ಟು ಮಾವನ ಕನ್ನಡಕವನ್ನೇ ನೋಡುತ್ತಿದ್ದರು.

ಅಲ್ಲಿದ್ದದ್ದು ಎಂಟು ಮಡಿಸುವ ಕುರ್ಚಿ, ಮಾವನಿಗೊಂದು ಒರಗು ಕುರ್ಚಿ. ಪಾತ್ರೆ ತೊಳೆದು ಇಳಿದು ಬರುವ ಸೊಸೆಗೂ ಒಂದು ಕುರ್ಚಿ ಬೇಕು ಎಂದು ಯಾರಿಗೂ ಅನ್ನಿಸಿರಲಿಲ್ಲ. ನಾನು ಬೇಸ್‌ಮೆಂಟಿನ ಮೂರನೇ ಮೆಟ್ಟಿಲ ಮೇಲೆ ಕೂರುತ್ತಿದ್ದೆ. ಅಲ್ಲಿಂದ ಮಾವನ ಕನ್ನಡಕ ಕಾಣುತ್ತಿರಲಿಲ್ಲ, ಬೋಳುತಲೆಯಷ್ಟೇ ಕಾಣುತ್ತಿತ್ತು. ಹಾಗಾಗಿ ನನಗೆ ಸಿನಿಮಾ ನೋಡದೆ ಗತ್ಯಂತರವಿರಲಿಲ್ಲ. ಒಂದು ವರ್ಷ, ಸತ್ತವನ ಕುರ್ಚಿಯನ್ನು ಎತ್ತಿಡಲು ಬಂದ ಮುದಿ ಬಟ್ಲರು ಅತ್ತಿತ್ತ ನೋಡಿ, ಒಂದು ಗಳಿಗೆ ತಾನೇ ಅದರ ಮೇಲೆ ಕೂತು ಎದ್ದಿದ್ದನ್ನು ಕಂಡು ನನಗೆ ತಡೆಯಲಾರದಷ್ಟು ನಗು ಬಂತು. ನಕ್ಕವಳು ನಾನೊಬ್ಬಳೇ. ಮಾವ ಸಿನಿಮಾ ನಿಲ್ಲಿಸಿದರು.

"ಯಾರದು ನಕ್ಕಿದ್ದು?"

"ನಾನು ಮಾವ, ಲತಾ. ಸಾರಿ."

"ಸಾರಿ ಯಾಕಮ್ಮ? ಮುಂದುವರಿಸು," ಎಂದು ರಿಮೋಟ್ ಒತ್ತಿದರು. ಶ್ರೀಧರ ಮಾತ್ರ ವಾಪಸು ಬರುವಾಗ ಸೌತ್ ಕೆರೊಲೈನಾ ದಾಟುವವರೆಗೂ ನನ್ನ ಜೊತೆ ಮಾತಾಡಲಿಲ್ಲ. "ಅವರು ಕನ್ನಡಕ ತೆಗೆದಿರ್ಲಿಲ್ಲ ಕಣೇ. ಎಲ್ಲಾ ಹಾಳ್ಮಾಡ್ಬಿಡ್ತೀಯ," ಎಂದ ಕೊನೆಗೆ.

ಕೋವಿಡ್ ಬಂದ ವರ್ಷವಾದರೂ ಈ ಪರೀಕ್ಷೆ ತಪ್ಪುತ್ತದೆಂದುಕೊಂಡಿದ್ದೆ. ತಪ್ಪಲಿಲ್ಲ. ಮಾವ ವಿಡಿಯೋ ಕಾಲಿನಲ್ಲೇ ಸಿನಿಮಾ ಹಾಕಿದರು. ಎಲ್ಲರೂ ಮ್ಯೂಟಿನಲ್ಲಿ ಬಾಯಿ ತೆರೆದು ನಗುತ್ತಿದ್ದರು. "ಮ್ಯೂಟ್ ತೆಗೀರಪ್ಪಾ, ನಕ್ಕಿದ್ದು ಕೇಳಿಸ್ತಾ ಇಲ್ಲ," ಎಂದರು ಮಾವ. ತೆಗೆದರೆ, ಗಿರೀಶನ ಮನೆಯಲ್ಲಿ ಫುಟ್‌ಬಾಲ್ ಕಾಮೆಂಟರಿ ಕೇಳಿಸಿತು, ಜಯಕ್ಕನ ಮನೆಯಲ್ಲಿ ಕುಕ್ಕರ್ ಕೂಗಿತು.

ಮರುವರ್ಷ ಎಲ್ಲರೂ ಮತ್ತೆ ಸೇರಿದಾಗ ಮಾವ ಎಲ್ಲರ ಕೈಗೂ ಒಂದೊಂದು ಹಾಳೆ ಬಿಳಿ ಸ್ಟಿಕ್ಕರ್ ಕೊಟ್ಟರು. ಗರಾಜ್ ಸೇಲಿನಲ್ಲಿ ಬೆಲೆ ಬರೆದು ಅಂಟಿಸುತ್ತಾರಲ್ಲ, ಅಂಥವು. "ಇಲ್ಲಿ ಅಮೆರಿಕನ್ನರು ಹೀಗೇ ಮಾಡೋದು. ನಾನು ಹೋದ್ಮೇಲೆ ಜಗಳ ಬೇಡ. ಯಾರಿಗೆ ಏನು ಬೇಕೋ ಈಗಲೇ ಹೆಸರು ಬರೆದು ಅಂಟಿಸಿ," ಎಂದರು.

"ಛೆ ಛೆ, ಏನು ಮಾತು ಮಾವ! ನೀವು ನೂರು ವರ್ಷ ಇರ್ತೀರಿ," ಎಂದಳು ಜಯಕ್ಕ. ಹಾಗೆನ್ನುತ್ತಲೇ ಪೆನ್ನಿನ ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿ ತೆಗೆದಳು.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ನೋಡಿದ್ದೆ. ಮನುಷ್ಯ ಸೋಫಾದ ಮೇಲೆ ಕೂತಿರುವಾಗಲೇ ಆ ಸೋಫಾಕ್ಕೆ ಹೆಸರು ಅಂಟಿಸುವವರನ್ನು ಅವತ್ತು ಕಂಡೆ. ಗಿರೀಶ ಮಾವನನ್ನು "ಒಂಚೂರು ಏಳ್ತೀರಾ" ಎಂದು ಏಳಿಸಿಯೇ ಬಿಟ್ಟ. ಊಟದ ಮೇಜಿನ ಅಡಿಯಲ್ಲಿ ಜಯಕ್ಕನ ಸ್ಟಿಕ್ಕರಿನ ಮೇಲೆ ಗಿರೀಶನದು, ಅದರ ಮೇಲೆ ಶ್ರೀಧರನದು. ದೇವರಮನೆಯ ಬೆಳ್ಳಿ ಮಂಟಪದ ಹಿಂದೆ ಭಾವ ಹೆಸರಂಟಿಸಿದರು, ದೇವರಿಗೆ ಕೈಮುಗಿದೇ.

ನಾನು ದೂರ ನಿಂತು ಎಲ್ಲರನ್ನೂ ಮನಸ್ಸಿನಲ್ಲೇ ಹಂಗಿಸುತ್ತಿದ್ದೆ. ಆಮೇಲೆ ಅಡುಗೆಮನೆಗೆ ಹೋದೆ. ಅತ್ತೆ ಮೈಸೂರಿನಿಂದ ಸೂಟ್‌ಕೇಸಿನಲ್ಲಿ ಸೀರೆ ಸುತ್ತಿ ತಂದಿದ್ದ ಕಬ್ಬಿಣದ ಕಾವಲಿ ಒಲೆಯ ಮೇಲಿತ್ತು. ಅದರಲ್ಲಿ ಹುಯ್ದ ದೋಸೆ ಹೂವಿನ ಹಾಗೆ ಏಳುತ್ತಿತ್ತು. ಒಂದು ಚೂರು ಸ್ಟಿಕ್ಕರು ಹರಿದು, ಹೆಸರು ಬರೆದು, ಯಾರಿಗೂ ಕಾಣದಂತೆ ಕಾವಲಿಯ ತಳಕ್ಕೆ, ಅಂಚಿನಲ್ಲಿ ಒತ್ತಿ ಅಂಟಿಸಿದೆ.

ಮಾರನೆಯ ದಿನ ಬೆಳಿಗ್ಗೆ ತಿಂಡಿಗೆ ಮಾವನೇ ದೋಸೆ ಹುಯ್ದರು. ಎಲ್ಲರೂ ತಿನ್ನುತ್ತಿರುವಾಗ ಸೌಟು ಹಿಡಿದು ಬಂದು ನಿಂತರು. "ಮನೆಯೆಲ್ಲ ತಿರುಗಿ ನೋಡ್ದೆ. ಈ ಲತಾ ಒಬ್ಬಳೇ ಏನಕ್ಕೂ ಅಂಟಿಸಿಲ್ಲ. ನೋಡಿ ಕಲೀರಿ," ಎಂದರು. ಎಂಟೂ ಜನ ನನ್ನನ್ನು ಸುಡುವಂತೆ ನೋಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನಗೆ ಮುಟ್ಟಿಕೊಳ್ಳುವ ಧೈರ್ಯವೂ ಬರಲಿಲ್ಲ. ತಲೆ ತಗ್ಗಿಸಿ ಆ ಹೊಗಳಿಕೆಯನ್ನು ಚಟ್ನಿಯ ಜೊತೆ ನುಂಗಿದೆ. ಆಮೇಲೆ ಕಾವಲಿ ತಿರುಗಿಸಿ ನೋಡಿದರೆ ಸ್ಟಿಕ್ಕರ್ ಇರಲಿಲ್ಲ. ಸುಟ್ಟುಹೋಯಿತೋ, ಮಾವನ ಕೈಗೆ ಸಿಕ್ಕಿತೋ ತಿಳಿಯಲಿಲ್ಲ. ಗೊತ್ತಿದ್ದೂ ನನ್ನನ್ನು ಮೆಚ್ಚಿದರೋ, ಗೊತ್ತಿಲ್ಲದೆ ಮೋಸಹೋದರೋ ಎಂಬ ಪ್ರಶ್ನೆ ಮುಂದೆ ನನ್ನನ್ನು ಬಿಡಲೇ ಇಲ್ಲ. ಬೇರೆಯವರಿಗೆ ಮನೆ ಸಿಗುತ್ತದೋ ಇಲ್ಲವೋ ಎಂಬ ಚಿಂತೆ. ನನಗೆ ಇದೊಂದು.

ಅದರ ಮುಂದಿನ ಥ್ಯಾಂಕ್ಸ್‌ಗಿವಿಂಗಿಗೆ ಮಾವ ಸೊರಗಿದ್ದರು. ಸಿನಿಮಾದಲ್ಲಿ ಒಂದು ದೃಶ್ಯವಿದೆ. ಸತ್ತ ಹುಡುಗನ ತಾಯಿ ಅವನ ಕೋಟಿಗೆ ಮುಖ ಒತ್ತಿಕೊಂಡು ಅಳುತ್ತಾಳೆ. ಇಡೀ ಚಿತ್ರದಲ್ಲಿ ನಗು ಬರದ ಜಾಗ ಅದೊಂದೇ. ಆ ತಾಯಿ ಬಿಕ್ಕುತ್ತಿರುವಾಗ ಮಾವ ನಿಧಾನವಾಗಿ ಕನ್ನಡಕ ತೆಗೆದರು.

ಎಂಟೂ ಜನ ಗೊಳ್ಳೆಂದು ನಕ್ಕರು. ಗಿರೀಶ ತೊಡೆ ತಟ್ಟಿಕೊಂಡ. ನನ್ನ ಗಂಡ ಕಣ್ಣೊರೆಸಿಕೊಂಡ.

ಮಾವ ಕನ್ನಡಕದ ಗಾಜನ್ನು ಪಂಚೆಯ ಅಂಚಿನಿಂದ ಒರೆಸಿ ಮತ್ತೆ ಹಾಕಿಕೊಂಡರು. "ಧೂಳು ಕೂತಿತ್ತು," ಎಂದರು. ನಗು ಒಂದೊಂದೇ ಬಾಯಿಯಲ್ಲಿ ಆರಿತು. "ನಾನು ಇಷ್ಟು ವರ್ಷ ಸೂಜಿ ಚುಚ್ಚಿ ಮಲಗಿಸ್ತಿದ್ದೆ. ನಿಮಗೆ ಸೂಜಿನೂ ಬೇಕಾಗ್ಲಿಲ್ಲವಲ್ಲಪ್ಪ!" ಅಷ್ಟು ಹೇಳಿದ ಮೇಲಾದರೂ ಒಬ್ಬರು ಎದ್ದು ಹೋಗಬಹುದೆಂದು ಕಾದೆ. ಯಾರೂ ಏಳಲಿಲ್ಲ. ಐದು ಬೆಡ್‌ರೂಮು ಬಿಟ್ಟು ಹೇಗೆ ಎದ್ದಾರು?

ಮಾವನನ್ನು ಕೊನೆಯ ಸಲ ನೋಡಿದ್ದು ಏಪ್ರಿಲ್‌ನಲ್ಲಿ. ಇನ್ನು ಔಷಧಿ ಸಾಕು ಎಂದು ಹೇಳಿ ಮನೆಗೇ ನರ್ಸ್ ಕರೆಸಿಕೊಂಡಿದ್ದರು. ನಾನೊಬ್ಬಳೇ ಫ್ಲೈಟ್ ಹಿಡಿದು ಹೋದೆ. ಮೂಗಿಗೆ ಆಕ್ಸಿಜನ್ ನಳಿಗೆ, ಅದರ ಮೇಲೆ ಅದೇ ಕನ್ನಡಕ. ದೋಸೆ ಬೇಕೆಂದರು. ಅದೇ ಕಾವಲಿಯಲ್ಲಿ ಎರಡು ಹುಯ್ದು ತಂದೆ. ಅವರು ತಿಂದದ್ದು ಒಂದು ತುತ್ತು. ಆಗ ಹೇಳಿಬಿಟ್ಟೆ.

"ಮಾವ, ನಾನೂ ಒಂದು ಅಂಟಿಸಿದ್ದೆ."

"ಕಾವಲಿಗೆ. ಗೊತ್ತು. ಕಾಯಿಸಿದ ತಕ್ಷಣ ಅಂಟು ಸುಟ್ಟ ವಾಸನೆ ಬಂತು. ನನ್ನ ಮೂಗು ಗ್ಯಾಸ್ ಕುಡಿದು ಬೆಳೆದ ಮೂಗು ಕಣಮ್ಮ. ಮೂರು ದೋಸೆ ಎಸೆದೆ."

"ಮತ್ತೆ ಎಲ್ಲರ ಮುಂದೆ ನನ್ನನ್ನ ಯಾಕೆ ಹೊಗಳಿದ್ರಿ?"

"ನಿನ್ನನ್ನ ಎಲ್ಲಿ ಹೊಗಳಿದೆ? ಅವರನ್ನ ಬೈದೆ."

ಕನ್ನಡಕ ತೆಗೆದರು. ಹೊಟ್ಟೆ ಅಲುಗಿತು, ಸದ್ದು ಬರಲಿಲ್ಲ. ನನಗೆ ಅಳು ಬರುತ್ತಿತ್ತು. ಕನ್ನಡಕ ಮತ್ತೆ ಹಾಕಿಕೊಂಡು ಅವರೇ ಹೇಳಿದರು. "ಆ ಕಾವಲಿ ನಿನಗೆ ಕೊಡಲ್ಲ. ಕೊಟ್ರೆ ನೀನು ಅದಕ್ಕೇ ಬಂದೆ ಅಂತ ಆಗತ್ತೆ. ಕೊಡದೇ ಇದ್ರೆ, ನನ್ನನ್ನ ನೋಡೋಕೆ ಬಂದೆ ಅಂತ ಇರತ್ತೆ."

ಮಾವ ಮೇ ತಿಂಗಳಲ್ಲಿ ಹೋದರು. ನಿಮ್ಮ ಹೆಸರಿನ ಸ್ಟಿಕ್ಕರ್ ಇರುವ ಸಾಮಾನನ್ನು ಶನಿವಾರದೊಳಗೆ ಒಯ್ಯಿರಿ ಎಂದು ವಕೀಲರಿಂದ ಎಲ್ಲರಿಗೂ ಫೋನು ಬಂತು. ಜಯಕ್ಕ ಒಂದು ಟ್ರಕ್ ಬಾಡಿಗೆಗೆ ತಂದಳು, ಗಿರೀಶ ಒಂದು, ನಾವು ಆಲ್ಡಿಯಿಂದ ಇನ್ನೊಂದು, ಎಲ್ಲರದಕ್ಕಿಂತ ದೊಡ್ಡದು. ಬಾಗಿಲು ತೆಗೆದರೆ ಮನೆ ಬೋಳು. ಮೇಜು, ಸೋಫಾ, ಮಂಟಪ, ಒರಗು ಕುರ್ಚಿ ಒಂದೂ ಇಲ್ಲ. ಮನೆಯನ್ನು ಮಾವ ಬದುಕಿದ್ದಾಗಲೇ ಮಾರಿ, ಸಾಯುವವರೆಗೆ ಇರುವ ಕರಾರು ಮಾಡಿಕೊಂಡಿದ್ದರಂತೆ. ಬಂದದ್ದೆಲ್ಲ ಒಂದು ನರ್ಸಿಂಗ್ ಶಾಲೆಗೆ, ಸಾಮಾನೆಲ್ಲ ಹಳೇ ಸಾಮಾನು ಮಾರುವ ಧರ್ಮದಂಗಡಿಗೆ. ಸಿನಿಮಾದ ಡಿಸ್ಕು ನರ್ಸಿಗೆ, ಅವಳು ಸರಿಯಾದ ಜಾಗದಲ್ಲಿ ನಕ್ಕಿದ್ದಕ್ಕೆ.

"ಉಳಿದಿರೋದು ಬೇಸ್‌ಮೆಂಟಲ್ಲಿದೆ," ಎಂದರು ವಕೀಲರು.

ಎಲ್ಲರೂ ಓಡಿ ಇಳಿದರು. ಟೀವಿ ಇಲ್ಲದ ಗೋಡೆಯ ಮುಂದೆ ಎಂಟು ಮಡಿಸುವ ಕುರ್ಚಿಗಳು ಸಾಲಾಗಿ ನಿಂತಿದ್ದವು. ಪ್ರತಿಯೊಂದರ ಬೆನ್ನಿಗೂ ಸ್ಟಿಕ್ಕರು, ಅದರ ಮೇಲೆ ಆ ಕುರ್ಚಿಯಲ್ಲಿ ಕೂತವರ ಹೆಸರು, ಮಾವನ ಕಾಗೆಕಾಲು ಗುಬ್ಬಿಕಾಲು ಅಕ್ಷರದಲ್ಲಿ. ಜಯಕ್ಕ ಅತ್ತಳು. ಅವಳು ನಿಜವಾಗಿ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಅಲ್ಲೇನೂ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ ಎಂದುಕೊಂಡು ಮೇಲೆ ಹತ್ತಲು ತಿರುಗಿದೆ. ಮೂರನೇ ಮೆಟ್ಟಿಲ ಮೇಲೆ ಒಂದು ಬಿಳಿ ಚೂರು ಕಂಡಿತು. ಅದೇ ಅಕ್ಷರದಲ್ಲಿ ಲತಾ ಎಂದು ಬರೆದಿತ್ತು.

ಮೆಟ್ಟಿಲನ್ನು ಟ್ರಕ್ಕಿಗೆ ಹೇರಲಾಗುವುದಿಲ್ಲ. ಅದರ ಮೇಲೆ ಸ್ವಲ್ಪ ಹೊತ್ತು ಕೂತೆ, ಎದ್ದೆ. ಸ್ಟಿಕ್ಕರ್ ಕೀಳಲಿಲ್ಲ.

ವಾಪಸು ಬರುವಾಗ ಅಷ್ಟುದ್ದದ ಟ್ರಕ್ಕಿನೊಳಗೆ ಇದ್ದದ್ದು ಶ್ರೀಧರನ ಒಂದು ಮಡಿಸುವ ಕುರ್ಚಿ. ರಸ್ತೆ ತಿರುಗಿದಾಗಲೆಲ್ಲ ಅದು ಈ ಬದಿಯಿಂದ ಆ ಬದಿಗೆ ಜಾರಿಹೋಗಿ ಢಬ್ ಎನ್ನುತ್ತಿತ್ತು. ಸೌತ್ ಕೆರೊಲೈನಾದೊಳಗೆ ಬಂದ ಮೇಲೂ ಢಬ್. ಶ್ರೀಧರ ಸ್ಟೀರಿಂಗ್ ಹಿಡಿದು ಮುಂದೆಯೇ ನೋಡುತ್ತಿದ್ದ. ನನಗೆ ನಗು ಬಂತು. ತಡೆಯದೆ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆ. ಅವನು ನನ್ನ ಕಡೆ ತಿರುಗಿ, ನಗಬೇಕೋ ಬೇಡವೋ ತಿಳಿಯದೆ, ನನ್ನ ಮುಖವನ್ನೇ ನೋಡಿದ. ಹೇಳಿಕೊಡಲು ಮಾವ ಇರಲಿಲ್ಲ.