ಅಜ್ಜ ಊರಿಗೆ ಬಂದ ಲಾರಿ

ಮಕ್ಕಳೇ, ನಿಮ್ಮ ವಯಸ್ಸಿಗೇ ನಾನು ಚಿಂತೆ ಮಾಡುವುದರಲ್ಲಿ ಪಳಗಿದ್ದೆ. ಆ ದಿನ ಲಾರಿ ದಾರಿಯಲ್ಲಿ ಕೆಟ್ಟು ನಿಲ್ಲಬಹುದಿತ್ತು. ಟೈರು ಸಿಡಿಯಬಹುದಿತ್ತು. ಮಳೆ ಹಿಡಿಯಬಹುದಿತ್ತು, ಮೇಲೆ ಟಾರ್ಪಾಲು ಇರಲಿಲ್ಲ. ಪೊಲೀಸರು ಅಡ್ಡಗಟ್ಟಬಹುದಿತ್ತು. ಊರು ಮುಟ್ಟುವ ಮೊದಲೇ ಹೊತ್ತು ಮುಳುಗಿ ಅಜ್ಜನ ಮಣ್ಣು ಮಾರನೇ ದಿನಕ್ಕೆ ಹೋಗಬಹುದಿತ್ತು. ಎಲ್ಲವನ್ನೂ ಬೆರಳು ಮಡಚಿ ಎಣಿಸಿದ್ದೆ. ಆದದ್ದು ಮಾತ್ರ ನನ್ನ ಲೆಕ್ಕದಲ್ಲಿರಲಿಲ್ಲ.

ಅಪ್ಪ ಹೊಸಕೋಟೆಯಲ್ಲಿ ಲಾರಿಗೆ ಬಾಡಿ ಕಟ್ಟುತ್ತಿದ್ದರು. ಬರೀ ಇಂಜಿನ್ನು, ಚಕ್ರದೊಂದಿಗೆ ಬಂದ ಗಾಡಿಗೆ ಹಿಂದೆ ಮರದ ಹಲಗೆ ಕೂರಿಸಿ ಬಣ್ಣ ಬಳಿಯುವ ಕೆಲಸ. ಬಾಡಿ ಎಂದರೆ ನನಗೆ ಹಸಿಮರದ ವಾಸನೆ. ಇನ್ನೊಂದು ಬಾಡಿಯೂ ಗೊತ್ತಿತ್ತು. ಅದು ಅಜ್ಜಿ ರವಿಕೆಯೊಳಗೆ ತೊಡುತ್ತಿದ್ದದ್ದು, ಹಿತ್ತಲ ತಂತಿಯ ಮೇಲೆ ಒಣಗುತ್ತಿತ್ತು.

ಶಾಲೆಗೆ ರಜೆಯಿದ್ದುದರಿಂದ ಅಂದು ನಾನೂ ಶೆಡ್ಡಿನಲ್ಲಿದ್ದೆ. ಬೆಂಗಳೂರಿನ ಆಸ್ಪತ್ರೆಯಲ್ಲಿ ಅಜ್ಜನ ಜೊತೆಗಿದ್ದ ಚಿಕ್ಕಪ್ಪ ಬಂದರು. ಅಪ್ಪನ ಮುಖ ನೋಡದೆ, “ಬಾಡಿ ಬೇಗ ತಗೊಂಡೋಗಿ ಅಂತವ್ರೆ ಕಣಣ್ಣ,” ಎಂದರು. ಬೆಳಗಿನ ತನಕ ಆ ಬಾಡಿ ಅಜ್ಜನಾಗಿತ್ತು. ನನಗೆ ಅಳು ಬರಲಿಲ್ಲ. ಕಿವಿಗೆ ಹತ್ತಿ ತುರುಕಿದಂತಾಗಿತ್ತು.

ಬಾಡಿಗೆ ಗಾಡಿಯವರು ಯಾರೂ ಒಪ್ಪಲಿಲ್ಲ. ಶೆಡ್ಡಿನಲ್ಲಿ ಆಗಷ್ಟೇ ಕೆಲಸ ಮುಗಿದಿದ್ದ ಹೊಸ ಲಾರಿಯೊಂದಿತ್ತು. ಅದನ್ನು ನೋಡಲು ಬಂದಿದ್ದ ಮಾಲೀಕರನ್ನೇ ಅಪ್ಪ ಕೇಳಿದರು.

“ಏನಪ್ಪಾ, ಹೊಸ ಗಾಡಿ! ಮೊದ್ಲ ಲೋಡೇ ಇಂಥದ್ದಾದ್ರೆ ನಾಳೆ ಯಾವ ಡ್ರೈವರ್ ಹತ್ತುತಾನೆ?”

ಅಪ್ಪ ಕೈಯಲ್ಲಿದ್ದ ಬ್ರಷ್ಷನ್ನು ಒರೆಸುತ್ತಾ ನಿಂತರು. ಮಾಲೀಕರು ಲಾರಿಯನ್ನು ಒಂದು ಸುತ್ತು ಬಂದು ಟೈರಿಗೊಮ್ಮೆ ಒದ್ದರು.

“ಪೂಜೆ ಇನ್ನೂ ಆಗಿಲ್ಲ ಅಲ್ವಾ? ಪೂಜೆ ಆಗೋಗಂಟ ಇದು ನಿನ್ ಕೈಕೆಲ್ಸ, ನನ್ ಗಾಡಿ ಅಲ್ಲ. ನಾನು ಈವತ್ತು ಇಲ್ಲಿಗೆ ಬಂದೇ ಇಲ್ಲ. ತಗೊಂಡೋಗು.”

ಆಸ್ಪತ್ರೆಯಲ್ಲಿ ಅಜ್ಜನನ್ನು ಚಾಪೆಯಲ್ಲಿ ಸುತ್ತಿ ಲಾರಿಯಲ್ಲಿ ಮಲಗಿಸಿದರು. “ಕಾಲು ಹಿಡ್ಕೊಳೋ, ಅಲ್ಲಾಡಬಾರ್ದು,” ಎಂದರು ಅಪ್ಪ. ಗಾಡಿ ಕುಲುಕಿದಾಗ ಪಕ್ಕದ ಹಲಗೆ ಹಿಡಿದುಕೊಳ್ಳುತ್ತಿದ್ದೆ, ಮತ್ತೆ ಚಾಪೆಯೊಳಗೆ ಕೈ ತೂರಿಸಿ ಕಾಲು ಹಿಡಿಯುತ್ತಿದ್ದೆ. ನಂದಗುಡಿ ಬರುವಷ್ಟರಲ್ಲಿ ತಣ್ಣಗಿರುವುದು ಅಜ್ಜನ ಪಾದವೋ ನನ್ನ ಕೈಯೋ ತಿಳಿಯುತ್ತಿರಲಿಲ್ಲ. ಬಿಸಿಲಿರುವಾಗಲೇ ಊರು ಸೇರಿದೆವು.

ನಿಮ್ಮ ಕಾಲಕ್ಕೆ ಗಾಜಿನ ಪೆಟ್ಟಿಗೆ, ಸೈರನ್ನಿನ ಆಂಬುಲೆನ್ಸು ಬಂದಿವೆ, ಮಕ್ಕಳೇ. ಫೋನು ಮಾಡಿದರೆ ಸಾಕು, ಯಾರ ಮುಂದೆಯೂ ಬ್ರಷ್ಷು ಒರೆಸುತ್ತಾ ನಿಲ್ಲಬೇಕಿಲ್ಲ. ಬಾಡಿ ನಿಮಗೆ ಜಿಮ್ಮಿನಲ್ಲಿ ಬೆಳೆಸುವಂಥದ್ದು. ಒಳ್ಳೆಯದೇ. ಯಾರ ಕಾಲನ್ನೂ ನೀವು ಅಷ್ಟು ಹೊತ್ತು ಹಿಡಿದು ಕೂತಿಲ್ಲ, ಅಷ್ಟೇ.

ಆ ದಿನ ಕೆಟ್ಟದ್ದು ಒಂದೇ ಒಂದು. ಮೀಯಿಸಲು ಚಾಪೆ ಬಿಚ್ಚಿದಾಗ ಅಜ್ಜನ ಎರಡೂ ಪಾದಗಳ ಮೇಲೆ ನನ್ನ ಬೆರಳುಗಳು ನೀಲಿಯಾಗಿ ಮೂಡಿದ್ದವು. ಹಲಗೆಯ ಬಣ್ಣ ಇನ್ನೂ ಆರಿರಲಿಲ್ಲ. ಊರಲ್ಲೇ ಇದ್ದ ನನ್ನ ಅಕ್ಕ ನೀರು ಹಾಕಿ ಉಜ್ಜಿದಳು, ಹೋಗಲಿಲ್ಲ. ಸೀಮೆಎಣ್ಣೆ ತರಲು ಎದ್ದಳು.

“ಬಿಡವ್ವಾ, ಇರ್ಲಿ,” ಎಂದರು ಅಪ್ಪ.