ಸದಸ್ಯೆಯಲ್ಲದವಳ ವ್ಯಾನು

ವಿಲ್ಮಾ ಹ್ರೂಬಿ ಯಾರ ಮೇಲಾದರೂ ಹಲ್ಲು ಮಸೆದರೆ ಅದು ಸುಲಭಕ್ಕೆ ಇಳಿಯುವುದಿಲ್ಲ ಎಂಬುದು ಅಯೋವಾದ ನಮ್ಮ ವಿಶ್ವವಿದ್ಯಾಲಯದಲ್ಲಿ ಕಸ ಗುಡಿಸುವವರಿಗೂ ಗೊತ್ತಿತ್ತು. ಗೊತ್ತಿದ್ದೂ ಅವಳನ್ನು ಕೆಣಕಿದ್ದು ಕ್ಯಾನ್ಸರ್ ಸಂಶೋಧನಾ ಕೇಂದ್ರದ ನಿರ್ದೇಶಕ ಗ್ಯಾರೆಟ್ ಹಾಲ್ವರ್ಸನ್. ಮಾಡಿಕೊಂಡ, ಅನುಭವಿಸಿದ.

ವಿಲ್ಮಾಳ ತಾಯಿ ಹಂದಿಮಾಂಸದ ಕಾರ್ಖಾನೆಯಲ್ಲಿ ಚಾಕು ಹಿಡಿದು ನಿಂತವಳು. ರಜೆ ಸಿಗುವುದಿಲ್ಲವೆಂದು ಪರೀಕ್ಷೆಗೆ ಹೋಗದೆ ಗರ್ಭಕಂಠದ ಕ್ಯಾನ್ಸರಿನಿಂದ ಸತ್ತಳು. ಮಗಳು ಓದಿ ಪ್ರೊಫೆಸರಾದ ಮೇಲೆ ಹಟ ಹಿಡಿದು ಕೇಂದ್ರದಿಂದ ಒಂದು ವ್ಯಾನು ಪಡೆದಳು. ಒಳಗೆ ಮಂಚ, ಪರದೆ, ಒಬ್ಬ ನರ್ಸ್. ಪಾಳಿ ಮುಗಿಯುವ ಹೊತ್ತಿಗೆ ಅದನ್ನು ಅದೇ ಕಾರ್ಖಾನೆಯ ಗೇಟಿನ ಮುಂದೆ ನಿಲ್ಲಿಸುತ್ತಿದ್ದಳು. ಹೆಂಗಸರು ರಬ್ಬರ್ ಬೂಟಿನಲ್ಲೇ ಬಂದು ಪರೀಕ್ಷೆ ಮಾಡಿಸಿಕೊಂಡು ಮನೆಗೆ ಹೋಗುತ್ತಿದ್ದರು. ಹೆಚ್ಚಿನವರು ಮೆಕ್ಸಿಕೋದವರು, ಬಿಲ್ಲಿಗೂ ಕಾಗದಪತ್ರಕ್ಕೂ ಹೆದರಿ ಆಸ್ಪತ್ರೆಯತ್ತ ಸುಳಿಯದವರು; ಅವಳನ್ನು ತಮ್ಮ ಭಾಷೆಯಲ್ಲಿ 'ದೊಕ್ತೋರಾ', ಡಾಕ್ಟರಮ್ಮ, ಎಂದು ಕರೆಯುತ್ತಿದ್ದರು. ಅವರಲ್ಲಿ ಎಲ್ವಿರಾ ಎಂಬವಳು ಹಿಂಜರಿಯುವವರನ್ನೆಲ್ಲ ಬೈದು, ರಟ್ಟೆ ಹಿಡಿದು ಎಳೆದು ತರುತ್ತಿದ್ದಳು.

ಕೇಂದ್ರದ ವ್ಯಾನಾಗಲಿ ಯಂತ್ರವಾಗಲಿ ಬೇಕೆಂದರೆ ಕೇಂದ್ರದ ಸದಸ್ಯರಾಗಿರಬೇಕು. ಸದಸ್ಯತ್ವ ಉಳಿಯಬೇಕೆಂದರೆ ಇತರ ಸದಸ್ಯರ ಜೊತೆ ಸೇರಿ ಪ್ರಬಂಧ ಬರೆಯುತ್ತಿರಬೇಕು. ವಿಲ್ಮಾ ಬರೆದದ್ದೆಲ್ಲ ನರ್ಸುಗಳ ಜೊತೆ. ಹಾಲ್ವರ್ಸನ್ ತುಂಬಿದ ಸಭೆಯಲ್ಲಿ ಎದ್ದು, "ವಿಲ್ಮಾ, ನೀವು ಮಾಡ್ತಿರೋದು ಸಮಾಜಸೇವೆ. ಒಳ್ಳೇದೇ. ಆದ್ರೆ ವಿಜ್ಞಾನ ಅಲ್ಲ. ನಿಯಮ ಅಂದ್ರೆ ನಿಯಮ," ಎಂದ. ಯಾರೋ ಕಿಸಕ್ಕನೆ ನಕ್ಕರು. ಸದಸ್ಯರ ಪಟ್ಟಿಯಿಂದ ಅವಳ ಹೆಸರು ಹೋಯಿತು, ವ್ಯಾನಿನ ಕೀಲಿಯೂ ಹೋಯಿತು. ವ್ಯಾನನ್ನು ತೊಳೆದು ಆಸ್ಪತ್ರೆಯ ಹೆಬ್ಬಾಗಿಲಲ್ಲಿ ನಿಲ್ಲಿಸಿದರು, ದಾನಿಗಳು ನೋಡಲಿ ಎಂದು. ಅವಳ ಮೈಯೆಲ್ಲ ಉರಿದುಹೋಯಿತು. ಉರಿಯದೆ ಇರುತ್ತದೆಯೇ?

ಮರುವರ್ಷ ವಾಷಿಂಗ್ಟನ್ನಿನಿಂದ ತಪಾಸಣೆಯ ತಂಡ ಬರುವುದಿತ್ತು. ಕೇಂದ್ರದ ಮುಂದಿನ ಐದು ವರ್ಷದ ಅನುದಾನ, ಅಂದರೆ ಅನ್ನ, ಅವರ ಕೈಯಲ್ಲಿ. ಇಂಥ ತಂಡ ಬರುವ ಮೊದಲು ನಮ್ಮಲ್ಲಿ ನಾಟಕದ ತಾಲೀಮಿನಂತೆ ಒಂದು ಸುಳ್ಳು ತಪಾಸಣೆ ನಡೆಯುತ್ತದೆ. ಹೊರಗಿನ ಕೆಲವರು ಪರೀಕ್ಷಕರ ವೇಷದಲ್ಲಿ ಕೂತು ನಿರ್ದೇಶಕನನ್ನು ಹಿಗ್ಗಾಮುಗ್ಗಾ ಝಾಡಿಸಬೇಕು. ಎಷ್ಟು ಬೈದರೆ ಅಷ್ಟು ಒಳ್ಳೆಯದು. ವಿಲ್ಮಾಳ ನಾಲಿಗೆ ಹೆಸರುವಾಸಿ, ಈಗ ಹೊರಗಿನವಳು ಬೇರೆ. ಹಾಲ್ವರ್ಸನ್ ನಾಚಿಕೆಯಿಲ್ಲದೆ ಅವಳನ್ನೇ ಕರೆಸಿದ.

ಉಳಿದವರು ಬೈದರು. ವಿಲ್ಮಾ ಮಾತ್ರ ಬೆಣ್ಣೆಯಂತೆ ಮಾತಾಡಿದಳು.

"ಆ ವ್ಯಾನಿನ ವಿಷಯ ಕೇಳಿ ನನಗೆ ಕಣ್ಣಲ್ಲಿ ನೀರೇ ಬಂತು, ಗ್ಯಾರೆಟ್. ಅದನ್ಯಾಕೆ ಕೊನೇಲಿ ಇಟ್ಟಿದೀರಿ? ಅದರಿಂದ್ಲೇ ಶುರು ಮಾಡಿ. ಕೇಂದ್ರದ ಜೀವ ಇರೋದೇ ಅಲ್ಲಿ."

ಅವನು ಹಿಗ್ಗಿಹೋದ. ಇಡೀ ಭಾಷಣವನ್ನು ತಿರುವಿಹಾಕಿ ವ್ಯಾನನ್ನೇ ಎಲ್ಲಕ್ಕಿಂತ ಮೊದಲಿಗೆ ಇಟ್ಟ. ವ್ಯಾನು ಕೇಂದ್ರದ್ದು, ಆದ್ದರಿಂದ ಅದರ ಕೆಲಸವೂ ಕೇಂದ್ರದ್ದೇ ಎಂದು ಅವನು ತಿಳಿದಿದ್ದ. ಸದಸ್ಯರ ಕೆಲಸ ಮಾತ್ರ ಲೆಕ್ಕಕ್ಕೆ ಬರುತ್ತದೆ ಎಂಬ ತನ್ನದೇ ನಿಯಮ ಆ ಪುಣ್ಯಾತ್ಮನಿಗೆ ನೆನಪಾಗಲಿಲ್ಲ. ವಿಲ್ಮಾಳಿಗೆ ನೆನಪಿತ್ತು.

ವ್ಯಾನಿನ ಕೆಲಸದ ಹಿಂದೆ ಒಬ್ಬ ಸದಸ್ಯನೂ ಇಲ್ಲವೆಂಬುದನ್ನು ತಂಡ ಬಂದ ದಿನ ಬೆಳಿಗ್ಗೆ ಅವನ ಕಾರ್ಯದರ್ಶಿ ಕಂಡುಹಿಡಿದಳು. ಅಷ್ಟರಲ್ಲಿ ಭಾಷಣದ ಪ್ರತಿ ತಂಡದವರ ಕೈ ಸೇರಿತ್ತು. ಹಾಲ್ವರ್ಸನ್ ಟೈ ಸರಿ ಮಾಡಿಕೊಳ್ಳುತ್ತಾ ವಿಲ್ಮಾಳ ಕೋಣೆಗೆ ಓಡಿಬಂದು ಮೇಜಿನ ಮೇಲೆ ಕೀಲಿ ಇಟ್ಟ.

"ಪೂರ್ತಿ ಸದಸ್ಯತ್ವ, ಈಗಲೇ. ವ್ಯಾನೂ ನಿಮ್ದೇ. ಹೂಂ ಅನ್ನಿ ಸಾಕು."

ಅವಳು ಬಯಸಿದ್ದು ಅಷ್ಟೇ ಆಗಿತ್ತು. ಕೀಲಿ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು.

"ನನ್ನದು ಸಮಾಜಸೇವೆ ಅಲ್ವಾ ಗ್ಯಾರೆಟ್?"

"ತಪ್ಪಾಯ್ತು ಅಂತ ಆಮೇಲೆ ಎಷ್ಟು ಸಲ ಬೇಕಾದ್ರೂ ಹೇಳ್ತೀನಿ. ಈಗ ಆ ಹೆಂಗಸರ ಮುಖ ನೋಡಿಯಾದ್ರೂ ಒಪ್ಕೊಳ್ಳಿ."

ಅದನ್ನು ಮಾತ್ರ ಅವನು ಹೇಳಬಾರದಿತ್ತು. ವಿಲ್ಮಾಳ ಕಿವಿಗಳು ಕೆಂಪಾದವು.

"ಅವರ ಮುಖ ನೀವು ಯಾವತ್ರೀ ನೋಡಿದೀರಿ?" ಎಂದು ಅವಳು ಕೀಲಿಯನ್ನು ಅವನತ್ತ ತಳ್ಳಿದಳು. "ನಿಯಮ ಅಂದ್ರೆ ನಿಯಮ. ಹೊರಡಿ, ಅತಿಥಿಗಳು ಕಾಯ್ತಿದಾರೆ."

ಸಭೆಯಲ್ಲಿ ಹಿರಿಯ ಪರೀಕ್ಷಕಿ ಕೇಳಿದ ಮೊದಲ ಪ್ರಶ್ನೆಯೇ, "ಈ ವ್ಯಾನನ್ನ ನಡೆಸ್ತಿರೋ ಸದಸ್ಯರು ಯಾರು?" ಎಂದು. ಹಾಲ್ವರ್ಸನ್ ನೀರು ಕುಡಿದ. ಇನ್ನೊಂದು ಲೋಟವನ್ನೂ ಕುಡಿದ. ಹಿಂದಿನ ಸಾಲಿನಲ್ಲಿದ್ದ ವಿಲ್ಮಾ ಅವನ ಕುತ್ತಿಗೆ ಬೆವರುವುದನ್ನು ಕಣ್ತುಂಬ ನೋಡಿದಳು. ಬೇಸಿಗೆಗೆ ಮೊದಲೇ ಅವನ ಕುರ್ಚಿ ಹೋಯಿತು. ಆ ದಿನ ಅವಳು ಗಸಗಸೆ ತುಂಬಿದ ಕೊಲಾಚೆ ಎಂಬ ಸಿಹಿ ಬನ್ನುಗಳನ್ನು ಕೊಂಡು ಕಾರಿನಲ್ಲಿ ಒಬ್ಬಳೇ ಕೂತು ಅಷ್ಟನ್ನೂ ತಿಂದಳು. ಇಂಥ ರುಚಿಯನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ.

ಕೇಂದ್ರದ ಅನುದಾನವೂ ಕಡಿತವಾಯಿತು. ಕಡಿತವೆಂದರೆ ಎಲ್ಲಿಂದ? ವಿಶ್ವವಿದ್ಯಾಲಯ ಮೊದಲು ಮುಚ್ಚಿದ್ದು ಊರ ಜನರ ಬಳಿಗೆ ಹೋಗಿ ಕೆಲಸ ಮಾಡುವ, ವ್ಯಾನೂ ಸೇರಿದ್ದ ವಿಭಾಗವನ್ನು. ವ್ಯಾನನ್ನು ಮನೆಮನೆಗೆ ಹೋಗಿ ನಾಯಿಗಳಿಗೆ ಸ್ನಾನ ಮಾಡಿಸುವವನೊಬ್ಬ ಕೊಂಡುಕೊಂಡ.

ಬೇರೆಯವರ ಬಾಯಿಂದ ತಿಳಿಯುವುದು ಬೇಡವೆಂದು ವಿಲ್ಮಾ ತಾನೇ ಕಾರ್ಖಾನೆಯ ಗೇಟಿಗೆ ಹೋದಳು. ಪಾಳಿ ಬಿಟ್ಟಿತ್ತು. ಎಲ್ವಿರಾ ಒಬ್ಬ ತೆಳ್ಳನೆಯ ಹೆಂಗಸನ್ನು ರಟ್ಟೆ ಹಿಡಿದು ಎಳೆದುಕೊಂಡೇ ಬಂದಳು.

"ದೊಕ್ತೋರಾ! ಇವಳು ನನ್ನ ನಾದಿನಿ. ಚಳಿಗಾಲದಿಂದ ರಕ್ತ ಹೋಗ್ತಾ ಇದೆ, ತೋರಿಸ್ಕೋ ಅಂದ್ರೆ ಕೇಳ್ತಿರ್ಲಿಲ್ಲ. ಬೈದು ಬೈದು ಇವತ್ತು ಒಪ್ಪಿಸಿದೀನಿ. ವ್ಯಾನೆಲ್ಲಿ?"

"ಇಲ್ಲ ಎಲ್ವಿರಾ. ಮಾರಿಬಿಟ್ರು. ಆ ಹಾಲ್ವರ್ಸನ್ ಇದಾನಲ್ಲ..."

"ಅವನನ್ನ ತೆಗೆದುಹಾಕಿದ್ರಂತಲ್ಲ! ನೀವೇ ಗೆದ್ರಿ ಅಂತ ನಾವೆಲ್ಲ ಕುಣಿದಾಡಿದ್ವಿ. ಗೆದ್ದ ಮೇಲೆ ವ್ಯಾನು ಬರಬೇಕಲ್ವಾ?"

ವಿಲ್ಮಾ ತನ್ನ ಕಾರಿನ ಬಾಗಿಲು ತೆರೆದಳು. ನನ್ನ ಕಾರಿನಲ್ಲೇ ಆಸ್ಪತ್ರೆಗೆ ಕರೆದೊಯ್ಯುತ್ತೇನೆ ಎಂದಳು. ಆಸ್ಪತ್ರೆ ಎಂಬ ಮಾತು ಕಿವಿಗೆ ಬಿದ್ದದ್ದೇ ನಾದಿನಿ ರಟ್ಟೆ ಬಿಡಿಸಿಕೊಂಡು, ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ಬಸ್ಸಿನ ಕಡೆ ನಡೆದಳು. ಎಲ್ವಿರಾ ಎಷ್ಟು ಕೂಗಿದರೂ ತಿರುಗಿ ನೋಡಲಿಲ್ಲ.